ಹಿಡಿದುಕೊಟ್ಟವನೂ ಹೆತ್ತ ತಾಯಿಯೂ

ಧರ್ಮಕ್ಕೂ ಅಧರ್ಮಕ್ಕೂ ನಡೆಯುವ ಕಾಳಗವನ್ನು ವರ್ಣಿಸುವುದು ಕವಿಗೆ ಅಷ್ಟೇನೂ ಕಷ್ಟವಾದ ಕಾರ್ಯವಲ್ಲ. ಒಂದು ಧರ್ಮಕ್ಕೂ ಮತ್ತೊಂದು ಧರ್ಮಕ್ಕೂ ವಿರೋಧವೊದಗಿದಾಗ ನಡುವೆ ಸಿಕ್ಕಿಬಿದ್ದ ಮನುಷ್ಯನ ಪಾಡೇನಾಯಿತೆಂಬುದನ್ನು ಕಾಣಿಸುವುದೇ ಕಷ್ಟ. ಲಂಕೆಯಲ್ಲಿ ಅಣ್ಣನ ಅಪರಾಧವನ್ನು ಇಬ್ಬರು ತಮ್ಮಂದಿರೂ ಅರಿತಿದ್ದರು. ವಿಭೀಷಣನು ಅಣ್ಣನನ್ನು ತ್ಯಜಿಸಿ ಧರ್ಮವನ್ನು ಹಿಡಿದನು. ಕುಂಭಕರ್ಣನಾದರೋ ಅಣ್ಣನಿಗೆ ಬುದ್ಧಿ ಹೇಳಿ, ಅವನು ಕೇಳದಿರಲು, ಅವನಿಗಾಗಿಯೇ ರಣರಂಗಕ್ಕೆ ನಡೆದು ಮಡಿದನು. ಆದಿಕವಿಯು ವಿಭೀಷಣನಿಗೆ ಪಟ್ಟವನ್ನು ಕಟ್ಟಿದನಾದರೂ ಕುಂಭಕರ್ಣನನ್ನು ಹೀನನನ್ನಾಗಿ ಮಾಡಲಿಲ್ಲ. ನಮ್ಮ ಪಂಪನ ಕರ್ಣನೂ ಅಂತಹವನೇ. ತನ್ನ ಹುಟ್ಟಿನ ರಹಸ್ಯವು ತಿಳಿದ ಮೇಲೆಯೂ ಅನ್ನವಿಟ್ಟ ಒಡೆಯನನ್ನು ಬಿಡಲಾರದೆ, ಒಡಹುಟ್ಟಿದವರಿಗೆ ಎದುರಾಗಿ ನಿಂತು ಪ್ರಾಣವನ್ನು ಕೊಟ್ಟನು. ಇಂತಹ ಕಾವ್ಯಗಳಿಂದ ಸಂಸ್ಕಾರವನ್ನು ಹೊಂದಿದ ಓದುಗರು ದೂರದೇಶದ ಒಂದು ದ್ರೋಹದ ಕಥೆಯನ್ನು ಕೈಗೆತ್ತಿಕೊಂಡರೆ ಅದರಲ್ಲಿ ಏನನ್ನು ಕಾಣುತ್ತಾರೆ? ಈ ಲೇಖನದ ವಿಷಯವು ಇದೇ.

ಗ್ರಂಥದ ಹೆಸರು ‘ದಿ ಇನ್‌ಫಾರ್ಮರ್’, ಹಿಡಿದುಕೊಟ್ಟವನು ಎಂದರ್ಥ. ಗ್ರಂಥಕರ್ತನು ಐರ್ಲೆಂಡಿನ ಲಿಯಂ ಓಫ್ಲಾಹರ್ಟಿ. ಪ್ರಕಟವಾದುದು ೧೯೨೫ರಲ್ಲಿ. ಇದನ್ನು ಈಚೆಗೆ ಬಂಗಾರಪೇಟೆಯಲ್ಲಿ ಕೆಲವು ಮಂದಿ ವಾಚಕರು ಓದಿ, ಒಂದು ಸಂಜೆ ಕುಳಿತು ಚರ್ಚಿಸಿದರು. ಚಿನ್ನದ ಗಣಿಯ ಊರಿನಿಂದಲೂ ನಾಲ್ಕಾರು ಮಂದಿ ಬಂದಿದ್ದರು. ಆ ಚರ್ಚೆಯಲ್ಲಿ ಹುಟ್ಟಿದ ಮಾತುಗಳು ಗ್ರಂಥದ ಗುಣದೋಷಗಳನ್ನು ಚೆನ್ನಾಗಿ ಹೊರಗೆಡಹಿದುದರಿಂದ ಅವುಗಳನ್ನೇ ಆಧಾರವಾಗಿ ಹಿಡಿದು ವಿಮರ್ಶಿಸುವುದು ಯುಕ್ತವೆಂದು ತೋರಿದೆ.

ಐರ್ಲೆಂಡೆಂಬುದು ನಮ್ಮ ಸೀಮೆಗೆ ತೀರ ಅಪರಿಚಿತವಾದ ದೇಶವೇನೂ ಅಲ್ಲ. ನ್ಯೂಜಿಲೆಂಡಿನ ಮಾವೊರಿ ಯುದ್ಧದಲ್ಲಿ ಕಾದಿ, ಬೆಂಗಳೂರಿನಲ್ಲಿ ಬಂದು ನೆಲಸಿದ್ದ ಮೈಕೇಲ್ ಫಿಟ್ಜೆರಾಲ್ಡ್ ಲವೆಲ್ಲಿ ಎಂಬ ಐರಿಷ್ ಸೈನಿಕನು ೧೮೭೧ರಲ್ಲಿ ಎತ್ತಿನ ಗಾಡಿಯಲ್ಲಿ ಕೋಲಾರದ ಕಡೆಗೆ ಬಂದು ಚಿನ್ನವನ್ನು ಹುಡುಕದೆ ಹೋಗಿದ್ದರೆ, ಉರಿಗಾಂ, ಚಾಂಪಿಯನ್ ರೀಫ್, ಮಾರಿಕುಪ್ಪಂ ಎಂಬ ಹೆಸರುಗಳನ್ನು ಇಂದು ಬಲ್ಲವರು ಎಷ್ಟು ಮಂದಿ ಇರುತ್ತಿದ್ದರು! ನಮ್ಮ ನೆರೆಯ ಮದನಪಲ್ಲಿಯ ಕಾಲೇಜಿನಲ್ಲಿ ಅಧ್ಯಾಪನವನ್ನು ನಡೆಸಿದ ಐರಿಷ್ ಕವಿ ಜೇಮ್ಸ್ ಕಸಿನ್ಸರು ೧೯೨೪ರಲ್ಲಿ ಮೈಸೂರಿಗೆ ಬಂದಿದ್ದಾಗ, ಇಂಗ್ಲಿಷಿನಲ್ಲಿ ಪದ್ಯಗಳನ್ನು ಬರೆಯುತ್ತಿದ್ದ ತರುಣ ಪುಟ್ಟಪ್ಪನವರಿಗೆ ತಾಯ್ನುಡಿಯಲ್ಲಿ ಬರೆಯಿರೆಂದು ಹೇಳಿದ ಸಂಗತಿಯು ಕನ್ನಡಿಗರೆಲ್ಲರೂ ಬಲ್ಲದ್ದು. ಗಣಿಗೆ ಒಬ್ಬ ಐರಿಷನು, ಕವಿಗೆ ಒಬ್ಬ ಐರಿಷನು. ಆ ದೇಶದವರಿಗೆ ನಾವು ಇಷ್ಟಾದರೂ ಋಣಿಗಳು.

ಇನ್ನು ಗ್ರಂಥಕರ್ತನ ವಿಷಯ. ಓಫ್ಲಾಹರ್ಟಿಯು ೧೮೯೬ರಲ್ಲಿ ಐರ್ಲೆಂಡಿನ ಪಶ್ಚಿಮ ಸಮುದ್ರದ ಆರನ್ ದ್ವೀಪಗಳಲ್ಲೊಂದರಲ್ಲಿ ಜನಿಸಿದನು. ಮೊದಲನೆಯ ಮಹಾಯುದ್ಧದಲ್ಲಿ ಇಂಗ್ಲಿಷರ ಸೈನ್ಯದಲ್ಲಿದ್ದು ಗಾಯಗೊಂಡನು. ೧೯೨೨ರ ಜನವರಿಯಲ್ಲಿ ಕೆಲಸವಿಲ್ಲದ ಬಡವರನ್ನು ಕೂಡಿಕೊಂಡು ಡಬ್ಲಿನ್ ನಗರದ ರೊಟುಂಡಾ ಎಂಬ ದೊಡ್ಡ ಕಟ್ಟಡವನ್ನು ಆಕ್ರಮಿಸಿ, ಅದರ ಮೇಲೆ ಕೆಂಪು ಬಾವುಟವನ್ನು ಹಾರಿಸಿದನು. ೧೯೨೧ರ ಡಿಸೆಂಬರಿನಲ್ಲಿ ಇಂಗ್ಲೆಂಡಿನೊಡನೆ ಆದ ಒಪ್ಪಂದವನ್ನು ಅಂಗೀಕರಿಸಿದವರಿಗೂ ನಿರಾಕರಿಸಿದವರಿಗೂ ೧೯೨೨ರ ಜೂನಿನಿಂದ ೧೯೨೩ರ ಮೇ ತಿಂಗಳವರೆಗೆ ಅಂತರ್ಯುದ್ಧವು ನಡೆಯಿತು. ನಿನ್ನೆಯವರೆಗೆ ಒಂದೇ ಶತ್ರುವಿಗೆ ಎದುರಾಗಿ ಹೋರಾಡಿದವರು ಇಂದು ಒಬ್ಬರನ್ನೊಬ್ಬರು ಕೊಂದರು. ೧೯೨೩ರಲ್ಲಿ ಈ ಗ್ರಂಥಕರ್ತನು ಬರೆದ ಒಂದು ಸಣ್ಣ ಕಥೆಯಲ್ಲಿ, ಮಾಳಿಗೆಯ ಮೇಲಿಂದ ಶತ್ರುವನ್ನು ಗುಂಡಿಕ್ಕಿ ಕೆಡಹಿದ ಯೋಧನು ಬೀದಿಗಿಳಿದು ಹೆಣವನ್ನು ಮಗುಚಿ ನೋಡಲು, ಸತ್ತವನು ತನ್ನ ಒಡಹುಟ್ಟಿದವನೇ ಆಗಿರುತ್ತಾನೆ. ಆ ಕಥೆಯು ಅಲ್ಲಿಗೇ ನಿಂತುಬಿಡುತ್ತದೆ. ತಾಯಿಯು ಏನೆಂದಳು, ಮನೆಯು ಏನಾಯಿತು ಎಂಬುದನ್ನು ಅದು ಹೇಳುವುದಿಲ್ಲ. ಆ ಹೇಳದೆ ಬಿಟ್ಟ ಭಾಗವನ್ನೇ ಎರಡು ವರ್ಷಗಳ ತರುವಾಯ ‘ದಿ ಇನ್‌ಫಾರ್ಮರ್’ ಕೈಗೆತ್ತಿಕೊಂಡಿತೆಂದು ನಮ್ಮ ಅಭಿಪ್ರಾಯ.

ಕಥಾಸಾರವು ಇಷ್ಟು. ಅಂತರ್ಯುದ್ಧವು ಮುಗಿದ ಬಳಿಕ ಡಬ್ಲಿನ್ನಿನ ಬಡವರ ಕೇರಿ. ಫ್ರಾನ್ಸಿಸ್ ಮೆಕ್‌ಫಿಲಿಪ್ ಎಂಬ ತರುಣನೂ, ಜಿಪೋ ನೋಲನ್ ಎಂಬ ದೈತ್ಯದೇಹದ ಮನುಷ್ಯನೂ ಒಂದು ಕ್ರಾಂತಿಕಾರಿ ಸಂಘದಲ್ಲಿದ್ದು, ಅದರಿಂದ ಬಹಿಷ್ಕೃತರಾದವರು. ಜಿಪೋ ಹಿಂದೆ ಪೋಲೀಸಿನಲ್ಲಿದ್ದು ಕೆಲಸವನ್ನು ಕಳೆದುಕೊಂಡವನು. ಮೆಕ್‌ಫಿಲಿಪ್ಪನು ಹಳ್ಳಿಗಾಡಿನ ಕೂಲಿಗಾರರ ಮುಷ್ಕರದ ಕಾಲದಲ್ಲಿ ಒಂದು ಕೊಲೆಯನ್ನು ಮಾಡಿ ಬೆಟ್ಟಗಳಲ್ಲಿ ಅಡಗಿದ್ದಾನೆ, ಕ್ಷಯದಿಂದ ನವೆಯುತ್ತಿದ್ದಾನೆ, ತಲೆಯ ಮೇಲೆ ಇಪ್ಪತ್ತು ಪೌಂಡು ಬಹುಮಾನವಿದೆ. ಮಾರ್ಚ್ ತಿಂಗಳ ಒಂದು ಸಂಜೆ ಅವನು ಊರಿಗೆ ಬಂದು, ಮನೆಗೆ ಪೋಲೀಸರ ಕಾವಲುಂಟೇ ಎಂದು ಗೆಳೆಯ ಜಿಪೋವನ್ನು ವಿಚಾರಿಸಿ, ತಾಯಿಯನ್ನು ನೋಡಲು ಹೋಗುತ್ತಾನೆ. ಜಿಪೋವಿಗೆ ಆ ರಾತ್ರಿ ಮಲಗಲು ಹಾಸಿಗೆಗೆ ಕೊಡುವಷ್ಟೂ ಕಾಸಿಲ್ಲ. ಅವನು ಠಾಣೆಗೆ ಹೋಗಿ ಹೇಳುತ್ತಾನೆ. ಪೋಲೀಸರು ಮನೆಯನ್ನು ಮುತ್ತುತ್ತಾರೆ. ಮೆಕ್‌ಫಿಲಿಪ್ಪನು ತಪ್ಪಿಸಿಕೊಳ್ಳಹೋಗಿ ಸಾಯುತ್ತಾನೆ. ಆಮೇಲೆ ಜಿಪೋ ಸಾವಿನ ಮನೆಗೆ ಸಂತಾಪ ಹೇಳಲು ಹೋದಾಗ ಅವನ ಜೇಬಿನಿಂದ ನಾಣ್ಯಗಳು ನೆಲಕ್ಕೆ ಉರುಳುತ್ತವೆ. ಸಂಘದ ನಾಯಕ ಗ್ಯಾಲಗರ್ ದ್ರೋಹಿಯನ್ನು ಹುಡುಕಿಸುತ್ತಾನೆ. ಜಿಪೋ ಮಲ್ಲಿಗನ್ ಎಂಬ ಬಡ ದರ್ಜಿಯ ಮೇಲೆ ಅಪವಾದವನ್ನು ಹೊರಿಸಿ, ಬಂದ ಹಣವನ್ನು ಬೀದಿಯ ಜನರಿಗೆ ಉಣಬಡಿಸಿಯೂ ಕುಡಿದೂ ಕಳೆದು, ಕಟ್ಟಕಡೆಗೆ ವಿಚಾರಣೆಯಲ್ಲಿ ಸಿಕ್ಕಿಬಿದ್ದು, ತಪ್ಪಿಸಿಕೊಂಡು, ಗುಂಡೇಟು ತಿಂದು, ಬೆಳಗಿನ ಪೂಜೆ ನಡೆಯುತ್ತಿರುವ ಚರ್ಚಿಗೆ ಬರುತ್ತಾನೆ. ಅಲ್ಲಿ ಸತ್ತವನ ತಾಯಿಯು ಪ್ರಾರ್ಥನೆಯಲ್ಲಿದ್ದಾಳೆ. ಅವಳ ಮುಂದೆ ತಪ್ಪನ್ನೊಪ್ಪಿ ಕ್ಷಮೆ ಬೇಡುತ್ತಾನೆ. ಅವಳು ಕ್ಷಮಿಸುತ್ತಾಳೆ. ಅವನು ಸಾಯುತ್ತಾನೆ. ಸಂಜೆ ಆರು ಗಂಟೆಗೆ ಸುಮಾರಾಗಿ ತೊಡಗಿದ ಕಥೆಯು ಮರುದಿನ ಬೆಳಗ್ಗೆ ಮುಗಿಯುತ್ತದೆ. ವಾಚಕರು ಈ ಕಾಲಪರಿಮಾಣವನ್ನು ನೆನಪಿನಲ್ಲಿಡಬೇಕು. ಮುಂದಿನ ವಿಚಾರವು ಇದನ್ನು ಅವಲಂಬಿಸಿದೆ.

ಚರ್ಚೆಯಲ್ಲಿ ಮೂರು ಬಗೆಯ ಅಭಿಪ್ರಾಯಗಳು ಬಂದವು. ರೈಲ್ವೆ ಇಲಾಖೆಯಿಂದ ವಿಶ್ರಾಂತರಾದ ಹಿರಿಯರೊಬ್ಬರು, ನಂಬಿದವನನ್ನು ಹಿಡಿದುಕೊಟ್ಟವನಿಗೆ ಮರಣವೇ ತಕ್ಕ ಶಿಕ್ಷೆಯೆಂದೂ, ತಾಯಿಯ ಬಾಯಲ್ಲಿ ಕ್ಷಮೆಯನ್ನು ಹೇಳಿಸಿ ಗ್ರಂಥಕರ್ತನು ದ್ರೋಹದ ಹೇಯತೆಯನ್ನು ಕಡಮೆ ಮಾಡಿದನೆಂದೂ ಹೇಳಿದರು. ಪ್ರತಿದಿನವೂ ರೈಲಿನಲ್ಲಿ ಬೆಂಗಳೂರಿಗೆ ಕೆಲಸಕ್ಕೆ ಹೋಗಿಬರುವ ತರುಣರೊಬ್ಬರು, ಹಸಿದವನಿಗೆ ನಿಷ್ಠೆಯನ್ನು ಬೋಧಿಸುವುದು ಉಂಡವರ ಮಾತೆಂದೂ, ಜಿಪೋವಿನದು ಅಪರಾಧವಲ್ಲ, ದಾರಿದ್ರ್ಯದ ಕಾರ್ಯವೆಂದೂ ವಾದಿಸಿದರು. ಚಾಂಪಿಯನ್ ರೀಫ್ ಗಣಿಯಲ್ಲಿ ಕೆಲಸ ಮಾಡಿದವರ ಮಗಳಾದ ಗೃಹಿಣಿಯೊಬ್ಬರು ಬಹಳ ಹೊತ್ತು ಸುಮ್ಮನಿದ್ದು, ಆಮೇಲೆ, “ಮೇಷ್ಟ್ರೇ, ಆ ತಾಯಿ ಕ್ಷಮಿಸಿದಳು ಅಂತ ನೀವೆಲ್ಲ ಮಾತಾಡುತ್ತಿದ್ದೀರಿ. ಅವಳಿಗೆ ಕೋಪ ಬರಲಿಲ್ಲವೇ? ಮಗ ಸತ್ತ ರಾತ್ರಿ ಬೆಳಗಾಗುವುದರೊಳಗೆ ಯಾವ ತಾಯಿ ಕ್ಷಮಿಸುತ್ತಾಳೆ?” ಎಂದು ಕೇಳಿದರು. ಈ ಮೂರನ್ನೂ ಕ್ರಮವಾಗಿ ಪರಿಶೀಲಿಸೋಣ.

ಮೊದಲನೆಯ ಅಭಿಪ್ರಾಯವು ಲೋಕದ ಅಭಿಪ್ರಾಯವೇ ಸರಿ. ಮಿತ್ರದ್ರೋಹವನ್ನು ನಮ್ಮ ಶಾಸ್ತ್ರಗಳು ಮಹಾಪಾತಕಗಳ ಸಾಲಿನ ಸಮೀಪದಲ್ಲಿಯೇ ಇರಿಸಿವೆ. ಆದರೆ ಈ ಗ್ರಂಥದಲ್ಲಿ ದಂಡವನ್ನು ವಿಧಿಸುವವರು ಯಾರೆಂಬುದನ್ನು ನೋಡಬೇಕು. ಗ್ಯಾಲಗರ್‌ನಿಗೆ ಮೆಕ್‌ಫಿಲಿಪ್ಪನ ಮರಣಕ್ಕಾಗಿ ಶೋಕವಿಲ್ಲ. ಅವನೇ ಮೆಕ್‌ಫಿಲಿಪ್ಪನನ್ನು ಸಂಘದಿಂದ ಹೊರಗೆ ಹಾಕಿದವನು. ಅವನಿಗಿರುವುದು ಭಯ: ಇಂದು ಮೆಕ್‌ಫಿಲಿಪ್ಪನನ್ನು ಹಿಡಿದುಕೊಟ್ಟವನು ನಾಳೆ ನನ್ನನ್ನು ಹಿಡಿದುಕೊಟ್ಟಾನು ಎಂಬ ಭಯ. ನಿಷ್ಠೆಯೆಂದು ಅವನು ಕರೆಯುವುದು ಆತ್ಮರಕ್ಷಣೆಯನ್ನು. ಇನ್ನೂ ಒಂದು ಸಂಗತಿಯುಂಟು. ಓಡಿಬಂದ ಜಿಪೋ ಆಶ್ರಯವನ್ನು ಬೇಡಿ ಕೇಟಿ ಫಾಕ್ಸ್ ಎಂಬ ತನ್ನ ಒಡನಾಡಿಯ ಕೋಣೆಗೆ ಹೋಗಲು, ಅವಳು ಅವನನ್ನು ಮಲಗಿಸಿ, ಹೊರಗೆ ಹೋಗಿ ಸಂಘದವರಿಗೆ ತಿಳಿಸುತ್ತಾಳೆ. ಪೋಲೀಸರಿಗೆ ಹೇಳಿದವನು ದ್ರೋಹಿ. ಸಂಘಕ್ಕೆ ಹೇಳಿದವಳು ಏನು? ಆಶ್ರಯವನ್ನು ಕೇಳಿ ಬಂದವನನ್ನು ಹಿಡಿದುಕೊಡುವ ಕಾರ್ಯವು ಎರಡು ಕಡೆಗೂ ಒಂದೇ. ಗ್ರಂಥಕರ್ತನು ಇದನ್ನು ವ್ಯಾಖ್ಯಾನಿಸದೆ ಎದುರುಬದುರಾಗಿ ಇಟ್ಟಿದ್ದಾನೆ. ಈ ಗ್ರಂಥದ ಧ್ವನಿಯೆಲ್ಲವೂ ಇಲ್ಲಿದೆ. ಆದುದರಿಂದ ಹಿರಿಯರ ಮಾತಿನಂತೆ ದ್ರೋಹವು ಹೇಯವೇ ಹೌದು. ಆದರೆ ದಂಡಿಸುವ ಅಧಿಕಾರವು ಸಂಘಕ್ಕೆ ಎಲ್ಲಿಂದ ಬಂದಿತೆಂಬ ಪ್ರಶ್ನೆಗೆ ಅವರ ಮಾತಿನಲ್ಲಿ ಉತ್ತರವಿಲ್ಲ.

ಎರಡನೆಯ ಅಭಿಪ್ರಾಯವು ಕರುಣೆಯಿಂದ ಹುಟ್ಟಿದುದು. ಗ್ರಂಥದಲ್ಲಿ ಇದಕ್ಕೆ ಆಧಾರವೂ ಉಂಟು. ಜಿಪೋವಿಗೆ ಗೆಳೆಯನ ಮೇಲೆ ದ್ವೇಷವಿಲ್ಲ. ಮೆಕ್‌ಫಿಲಿಪ್ಪನು ಬುದ್ಧಿ, ಜಿಪೋ ದೇಹ. ಇಬ್ಬರೂ ಸೇರಿ ಒಬ್ಬ ಮನುಷ್ಯ. ಯೋಚಿಸಬೇಕಾದ ಕೆಲಸವನ್ನೆಲ್ಲ ಗೆಳೆಯನೇ ಮಾಡುತ್ತಿದ್ದುದರಿಂದ, ಅವನನ್ನು ಕಳೆದುಕೊಂಡ ಮೇಲೆ ಜಿಪೋವಿಗೆ ಒಂದು ಉಪಾಯವೂ ಹೊಳೆಯುವುದಿಲ್ಲ. ತನ್ನ ತಲೆಯನ್ನು ತಾನೇ ಮಾರಿಕೊಂಡ ದೇಹವು ಊರೆಲ್ಲ ಅಲೆಯುವಂತೆ ಅವನು ಅಲೆಯುತ್ತಾನೆ. ಈ ಚಿತ್ರವು ಬೀಭತ್ಸವನ್ನು ದಾಟಿ ಕರುಣವನ್ನು ಮುಟ್ಟುತ್ತದೆ. ಆದರೂ ಹಸಿವೇ ಎಲ್ಲಕ್ಕೂ ಕಾರಣವೆಂದರೆ ಒಪ್ಪತಕ್ಕದ್ದಲ್ಲ. ಅವನ ಕೇರಿಯಲ್ಲಿ ಹಸಿದವರು ಅವನೊಬ್ಬನೇ ಅಲ್ಲ. ದರ್ಜಿ ಮಲ್ಲಿಗನ್‌ನೂ ಬಡವನೇ. ಅವನು ಯಾರನ್ನೂ ಹಿಡಿದುಕೊಡಲಿಲ್ಲ. ಹಸಿವು ಠಾಣೆಯ ಬಾಗಿಲವರೆಗೆ ಜಿಪೋವನ್ನು ಎಳೆದುಕೊಂಡು ಹೋಗಿರಬಹುದು. ನಿರಪರಾಧಿಯಾದ ದರ್ಜಿಯ ಹೆಸರನ್ನು ಹೇಳಿಸಿದುದು ಹಸಿವಲ್ಲ, ಆಗ ಅವನ ಹೊಟ್ಟೆ ತುಂಬಿತ್ತು. ತರುಣರು ಈ ಭಾಗವನ್ನು ಇನ್ನೊಮ್ಮೆ ಓದಿ ನೋಡುವುದು ಒಳ್ಳೆಯದು.

ಈ ಎರಡು ಅಭಿಪ್ರಾಯಗಳೂ ಜಿಪೋವಿಗೂ ಸಂಘಕ್ಕೂ ಇರುವ ಸಂಬಂಧವನ್ನು ಮಾತ್ರ ನೋಡುತ್ತವೆ. ನಿಜವಾಗಿ ಮುರಿದುದು ಬೇರೊಂದು ಸಂಬಂಧ. ಮೆಕ್‌ಫಿಲಿಪ್ಪನು ಬೆಟ್ಟದಲ್ಲಿಯೇ ಇದ್ದಿದ್ದರೆ ಯಾರ ಕೈಗೂ ಸಿಕ್ಕುತ್ತಿರಲಿಲ್ಲ. ಸಾಯುವ ಮುನ್ನ ತಾಯಿಯನ್ನು ನೋಡಬೇಕೆಂಬ ಆಸೆಯು ಅವನನ್ನು ಕೆಳಗಿಳಿಸಿತು. ಜಿಪೋ ಮಾರಿದುದು ಸಂಘದ ರಹಸ್ಯವನ್ನಲ್ಲ. ಮಗನು ತಾಯಿಯ ಮನೆಗೆ ಹೋಗಿದ್ದಾನೆಂಬ ಒಂದೇ ಸಂಗತಿಯನ್ನು. ಮಗನ ಪ್ರೀತಿಯೇ ಬಲೆಯಾಯಿತು, ತಾಯಿಯ ಮನೆಯೇ ವಧಸ್ಥಾನವಾಯಿತು. ತಂದೆಯಾದರೋ ಮಗನ ಮಾರ್ಗವನ್ನು ಮೆಚ್ಚದವನು, ದುಡಿದು ಗೌರವವನ್ನು ಸಂಪಾದಿಸಿಕೊಂಡ ಗಾರೆಯ ಕೆಲಸದವನು. ಅವನಿಗೆ ಶೋಕದೊಡನೆ ಅವಮಾನವೂ ಬೆರೆತಿದೆ. ತಂಗಿ ಮೇರಿಯ ಮನಸ್ಸು ಗ್ಯಾಲಗರ್‌ನ ಕಡೆಗೂ ಅವನಿಂದ ದೂರಕ್ಕೂ ತುಯ್ಯುತ್ತಿದೆ. ಯಾವ ಪಕ್ಷವೂ ಇಲ್ಲದೆ, ಯಾವ ಪ್ರತಿಜ್ಞೆಯೂ ಇಲ್ಲದೆ, ನಷ್ಟವನ್ನು ಪೂರ್ಣವಾಗಿ ಅನುಭವಿಸಿದವಳು ಮುದುಕಿಯೊಬ್ಬಳೇ. ಆದುದರಿಂದ ಕ್ಷಮಿಸುವ ಅಧಿಕಾರವೂ ಅವಳೊಬ್ಬಳದೇ. ಸಂಘವು ಕ್ಷಮಿಸಿದ್ದರೆ ಅದು ದೌರ್ಬಲ್ಯ ಅಥವಾ ತಂತ್ರವೆನಿಸುತ್ತಿತ್ತು; ನ್ಯಾಯಾಧಿಪತಿಯು ಕ್ಷಮಿಸಿದ್ದರೆ ಕರ್ತವ್ಯಲೋಪವೆನಿಸುತ್ತಿತ್ತು. ಕಳೆದುಕೊಂಡವರು ಕ್ಷಮಿಸಿದರೆ ಮಾತ್ರ ಕ್ಷಮೆಯೆಂಬ ಹೆಸರು ಸಾರ್ಥಕ. ಈ ಗ್ರಂಥದ ತಿರುಳು ಇದೆಂದು ನಾವು ತಿಳಿಯುತ್ತೇವೆ.

ಹಾಗಾದರೆ ಗೃಹಿಣಿಯ ಆಕ್ಷೇಪಣೆಗೆ ಉತ್ತರವೇನು? ಕೋಪ ಬರಲಿಲ್ಲವೇ ಎಂಬ ಆ ಮಾತು ಔಚಿತ್ಯದ ಪ್ರಶ್ನೆ. ಔಚಿತ್ಯವೇ ಕಾವ್ಯದ ಜೀವಿತವೆಂದು ಸಾಧಿಸಿದ ಕ್ಷೇಮೇಂದ್ರನಿದ್ದಿದ್ದರೆ ಆತನೂ ಇದನ್ನೇ ಕೇಳುತ್ತಿದ್ದನು. ಇಂತಹ ಸನ್ನಿವೇಶವನ್ನು ನಮ್ಮ ಪೂರ್ವಿಕರು ಹೇಗೆ ನಿರ್ವಹಿಸಿದರೆಂಬುದನ್ನು ನೋಡೋಣ. ನಿದ್ರಿಸುತ್ತಿದ್ದ ಐದು ಮಂದಿ ಮಕ್ಕಳನ್ನು ಅಶ್ವತ್ಥಾಮನು ರಾತ್ರಿಯಲ್ಲಿ ಕೊಂದನು. ಶ್ರೀಮದ್ಭಾಗವತದ ಪ್ರಥಮಸ್ಕಂಧದಲ್ಲಿ ಅರ್ಜುನನು ಆ ಪಾಪಿಯನ್ನು ಪಶುವಿನಂತೆ ಕಟ್ಟಿ ಎಳೆತಂದು ದ್ರೌಪದಿಯ ಮುಂದೆ ನಿಲ್ಲಿಸುತ್ತಾನೆ. ಆಕೆ ಅವನನ್ನು ಬಿಟ್ಟುಬಿಡಿರೆನ್ನುತ್ತಾಳೆ. ಅವನ ತಾಯಿ ಕೃಪಿಯು ಇನ್ನೂ ಬದುಕಿದ್ದಾಳೆ. ಮಕ್ಕಳನ್ನು ಕಳೆದುಕೊಂಡು ನಾನು ಅಳುತ್ತಿರುವಂತೆ ಆಕೆಯೂ ಅಳಬಾರದೆಂಬುದು ಆಕೆಯ ಕಾರಣ. ಭೀಮನು ಕೊಲ್ಲಬೇಕೆನ್ನುತ್ತಾನೆ, ಭೀಮನ ಮಾತೂ ಅನ್ಯಾಯವೆಂದು ಭಾಗವತಕಾರನು ಹೇಳುವುದಿಲ್ಲ. ಆದರೆ ವ್ಯಾಸಭಾರತದ ಸೌಪ್ತಿಕಪರ್ವದಲ್ಲಿ ಇದೇ ದ್ರೌಪದಿಯು ಬೇರೆಯೇ ಆಗಿದ್ದಾಳೆ. ಅಲ್ಲಿ ಆಕೆ ಪ್ರಾಯೋಪವೇಶಕ್ಕೆ ಕುಳಿತು, ಅಶ್ವತ್ಥಾಮನು ತಕ್ಕ ಫಲವನ್ನುಣ್ಣದ ಹೊರತು, ಅವನ ತಲೆಯ ಮಣಿಯನ್ನು ತಾನು ಕಣ್ಣಾರೆ ಕಾಣದ ಹೊರತು, ಪ್ರಾಣವನ್ನಿಟ್ಟುಕೊಳ್ಳೆನೆಂದು ಹಟ ಹಿಡಿಯುತ್ತಾಳೆ. ನಮ್ಮ ಪರಂಪರೆಯು ತಾಯಿಗೆ ಎರಡನ್ನೂ ಕೊಟ್ಟಿದೆ: ಕ್ರೋಧವನ್ನೂ ಕ್ಷಮೆಯನ್ನೂ. ಇಬ್ಬರು ದ್ರೌಪದಿಯರನ್ನೂ ಬಲ್ಲ ಓದುಗನಿಗೆ ಭಾಗವತದ ಕ್ಷಮೆಯು ಅಗ್ಗದ್ದಾಗಿ ತೋರುವುದಿಲ್ಲ.

ಓಫ್ಲಾಹರ್ಟಿಯು ಎರಡನೆಯದನ್ನು ಮಾತ್ರ ಕೊಟ್ಟಿದ್ದಾನೆ. ಅವನ ತಾಯಿಯು ಅಳುತ್ತಾಳೆ, ಪ್ರಾರ್ಥಿಸುತ್ತಾಳೆ, ಕ್ಷಮಿಸುತ್ತಾಳೆ; ಒಂದು ಕ್ಷಣವಾದರೂ ಸಿಡಿಮಿಡಿಗೊಳ್ಳುವುದಿಲ್ಲ. ಒಂದೇ ರಾತ್ರಿಯೊಳಗೆ ಕಥೆಯನ್ನು ಮುಗಿಸಲೇಬೇಕೆಂದು ಅವನು ಹಾಕಿಕೊಂಡ ಕಟ್ಟಳೆಯೇ ಈ ದೋಷಕ್ಕೆ ಕಾರಣ. ಜಿಪೋವಿನ ಅಲೆದಾಟಕ್ಕೆ ಆ ವೇಗವು ಒಪ್ಪುತ್ತದೆ. ತಾಯಿಯ ಹೃದಯಕ್ಕೆ ಒಪ್ಪುವುದಿಲ್ಲ. ಬೇಟೆಗೆ ಒಂದು ರಾತ್ರಿ ಸಾಕು, ಕ್ಷಮೆಗೆ ಸಾಲದು. ಆ ಮನೆಯಲ್ಲಿ ಜೇಬಿನ ನಾಣ್ಯಗಳು ಉರುಳಿದಾಗ ಅವಳ ಮನಸ್ಸಿನಲ್ಲಿ ಒಂದು ಸಂಶಯವನ್ನು ಮೂಡಿಸಿ, ಆ ಸಂಶಯದೊಡನೆ ಅವಳು ರಾತ್ರಿಯನ್ನೆಲ್ಲ ಹೇಗೆ ಕಳೆದಳೆಂಬುದನ್ನು ನಾಲ್ಕು ಪುಟಗಳಲ್ಲಿ ಕಾಣಿಸಿದ್ದರೆ ಕೊನೆಯ ದೃಶ್ಯಕ್ಕೆ ಇಮ್ಮಡಿ ಬಲವು ಬರುತ್ತಿತ್ತು. ಅದೇ ಕಾಲದ, ಅದೇ ನಗರದ ನಾಟಕಕಾರನಾದ ಷಾನ್ ಓಕೇಸಿಯು ೧೯೨೪ರಲ್ಲಿ ರಂಗಕ್ಕೆ ತಂದ ‘ಜೂನೋ ಅಂಡ್ ದಿ ಪೇಕಾಕ್’ ಎಂಬ ನಾಟಕದಲ್ಲಿ ಈ ಕೊರತೆಯಿಲ್ಲ. ಅಲ್ಲಿಯೂ ಒಬ್ಬ ಮಗನು ನೆರೆಮನೆಯ ಗೆಳೆಯನನ್ನು ಹಿಡಿದುಕೊಟ್ಟಿದ್ದಾನೆ. ನೆರೆಯವಳ ದುಃಖವನ್ನು ದೂರದಿಂದ ಕಂಡಿದ್ದ ತಾಯಿಗೆ, ತನ್ನ ಮಗನ ಹೆಣವು ಬಿದ್ದ ದಿನ, ತಾನು ಆಕೆಗಾಗಿ ಮರುಗಿದುದು ಸಾಲದಾಯಿತೆಂಬ ಅರಿವು ಬರುತ್ತದೆ. ಆ ತಾಯಿಯು ಬರಿಯ ವಿಗ್ರಹವಲ್ಲ. ಮನೆ ನಡೆಸುವವಳು, ಗದರಿಸುವವಳು, ಲೆಕ್ಕ ಹಾಕುವವಳು. ಆದುದರಿಂದಲೇ ಅವಳ ಅರಿವು ನಮ್ಮನ್ನು ತಾಕುತ್ತದೆ.

ಈ ಸಂದರ್ಭದಲ್ಲಿ ನಮ್ಮ ಜಿಲ್ಲೆಯ ಒಂದು ಹಿರಿಮೆಯನ್ನು ನೆನೆಯದಿರಲಾಗದು. ಮಾಲೂರು ತಾಲ್ಲೂಕಿನ ಹುಂಗೇನಹಳ್ಳಿಯಲ್ಲಿ ೧೮೯೧ರಲ್ಲಿ ಜನಿಸಿದ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ೧೯೫೬ರಲ್ಲಿ ಪ್ರಕಟಿಸಿದ ‘ಚಿಕವೀರ ರಾಜೇಂದ್ರ’ ಕಾದಂಬರಿಯು ಇದೇ ಸಮಸ್ಯೆಯನ್ನು ಕೊಡಗಿನ ಕೊನೆಯ ಅರಸನ ಕಥೆಯ ಮೂಲಕ ವಿಚಾರಿಸುತ್ತದೆ. ೧೯೮೩ನೆಯ ಸಾಲಿನ ಜ್ಞಾನಪೀಠ ಪ್ರಶಸ್ತಿಯು ಸಂದುದು ಈ ಕೃತಿಗೆ. ೧೮೩೪ರಲ್ಲಿ ಕುಂಪಣಿಯವರು ಕೊಡಗನ್ನು ವಶಪಡಿಸಿಕೊಂಡುದು ಚರಿತ್ರೆ. ಅರಮನೆಯೊಳಗೆ ಯಾರು ಯಾರಿಗೆ ನಿಷ್ಠರಾಗಿದ್ದರೆಂಬುದು ಕಾದಂಬರಿ. ಒಡಹುಟ್ಟಿದ ತಂಗಿ ದೇವಮ್ಮಾಜಿಯನ್ನು ಅರಸನು ಸೆರೆಯಲ್ಲಿಡುತ್ತಾನೆ. ಅವಳ ಗಂಡ ಚನ್ನಬಸವಯ್ಯನು ಹೆಂಡತಿಯೊಡನೆ ತಪ್ಪಿಸಿಕೊಂಡು ಇಂಗ್ಲಿಷರ ಮರೆಹೊಗುತ್ತಾನೆ. ಅವರ ಕೂಸಿನ ಪ್ರಾಣವು ಸೋದರಮಾವನಿಂದಲೇ ಹೋಗುತ್ತದೆ. ಚನ್ನಬಸವಯ್ಯನು ದ್ರೋಹಿಯೇ, ಹೆಂಡತಿಯನ್ನು ಉಳಿಸಿಕೊಂಡ ಗಂಡನೇ? ಮಂತ್ರಿ ಬೋಪಣ್ಣನು ಅರಸನನ್ನು ಬಿಟ್ಟು ಇಂಗ್ಲಿಷರಿಗೆ ದಾರಿ ಕೊಡುತ್ತಾನೆ. ಅದು ಸ್ವಾಮಿದ್ರೋಹವೇ, ನಾಡಿನ ಮೇಲಣ ನಿಷ್ಠೆಯೇ? ರಾಣಿ ಗೌರಮ್ಮಾಜಿಯು ಗಂಡನ ಪಾಪವನ್ನೆಲ್ಲ ಅರಿತೂ ಅವನ ಪಕ್ಕದಲ್ಲಿಯೇ ನಿಲ್ಲುತ್ತಾಳೆ. ಕುಂಭಕರ್ಣನ ನಿಷ್ಠೆಯು ಅಲ್ಲಿ ಹೆಂಡತಿಯ ರೂಪದಲ್ಲಿ ಬಂದಿದೆ. ಅರಮನೆಯ ನಾಯಿಗಳ ನಡುವೆ ಬೆಳೆದು ಮಂತ್ರಿಯಾದ ಕುಂಟ ಬಸವನಿಗೂ ಒಬ್ಬ ತಾಯಿಯುಂಟು; ಅವಳಿಗೂ ತನ್ನದೇ ಆದ ಹಟವೂ ನೋವೂ ಉಂಟು.

ಎರಡು ಗ್ರಂಥಗಳನ್ನೂ ಪಕ್ಕಪಕ್ಕದಲ್ಲಿಟ್ಟರೆ ಭೇದವು ಸ್ಪಷ್ಟವಾಗುತ್ತದೆ. ಐರಿಷ್ ಗ್ರಂಥಕರ್ತನು ದ್ರೋಹಿಯೊಬ್ಬನ ಎದೆಯೊಳಗೆ ಇಳಿದು ನೋಡಿದನು. ಅಷ್ಟು ಆಳಕ್ಕೆ ಮಾಸ್ತಿಯವರು ಯಾವ ಒಬ್ಬ ಪಾತ್ರದಲ್ಲಿಯೂ ಇಳಿಯುವುದಿಲ್ಲ, ಇಳಿಯಲು ಇಚ್ಛಿಸುವುದೂ ಇಲ್ಲ. ಮಾಸ್ತಿಯವರಾದರೋ ಪ್ರತಿಯೊಬ್ಬನಿಗೂ ಒಂದು ಮನೆಯನ್ನು ಕೊಟ್ಟರು. ಯಾರನ್ನು ದ್ರೋಹಿಯೆಂದು ಕರೆಯಹೊರಟರೂ ಅವನ ಮನೆಯ ಬಾಗಿಲಲ್ಲಿ ನಿಂತು ಒಂದು ಕ್ಷಣ ತಡೆಯಬೇಕಾಗುತ್ತದೆ. ಒಂದು ಗ್ರಂಥದಲ್ಲಿ ಮನೆಯು ಕೊನೆಗೆ ಬಂದು ಸೇರುವ ಸ್ಥಳ. ಇನ್ನೊಂದರಲ್ಲಿ ಎಲ್ಲವೂ ಮನೆಯಿಂದಲೇ ಹೊರಡುತ್ತದೆ. ನಮ್ಮವರದೆಂಬ ಪಕ್ಷಪಾತದಿಂದಲ್ಲ, ಬಾಂಧವ್ಯವೆಂಬ ವಿಷಯದ ದೃಷ್ಟಿಯಿಂದ ನೋಡಿದರೆ ಮಾಸ್ತಿಯವರ ವಿಧಾನವೇ ಹೆಚ್ಚು ಪೂರ್ಣವಾದುದು. ಪಾಪಿಯ ಏಕಾಂತದ ದೃಷ್ಟಿಯಿಂದ ನೋಡಿದರೆ ಓಫ್ಲಾಹರ್ಟಿಯದೇ ಮೇಲು.

ಇದೆಲ್ಲವೂ ಪುಸ್ತಕದ ಮಾತಾಯಿತು. ನಮಗೇಕೆ ಎಂದು ಕೇಳುವವರಿದ್ದಾರೆ. ಗಣಿಯ ಊರಿನವರು ಹಾಗೆ ಕೇಳಲಾರರು. ಚಾಂಪಿಯನ್ ರೀಫ್ ಗಣಿಯು ಮೂರು ಸಾವಿರ ಮೀಟರಿಗಿಂತಲೂ ಆಳವಾದುದು. ಏ‌ರ್‌ಬ್ಲಾಸ್ಟ್ ಎಂದು ಅಲ್ಲಿಯವರು ಕರೆಯುತ್ತಿದ್ದ ಬಂಡೆಸಿಡಿತವು ಯಾವ ಗಳಿಗೆಯಲ್ಲಿಯಾದರೂ ಆಗಬಹುದಾಗಿದ್ದ ಆ ಆಳದಲ್ಲಿ, ಪಕ್ಕದವನನ್ನು ನಂಬದೆ ಒಂದು ದಿನದ ಕೆಲಸವೂ ನಡೆಯುತ್ತಿರಲಿಲ್ಲ. ಅಲ್ಲಿಯ ಲೈನು ಮನೆಗಳಲ್ಲಿ ನಂಟು ಮತ್ತು ಸಂಘ ಎಂಬ ಎರಡು ನಿಷ್ಠೆಗಳೂ ಒಂದೇ ಗೋಡೆಯ ಎರಡು ಬದಿಗಳಲ್ಲಿದ್ದವು. ೧೯೩೦ರಲ್ಲಿ ದೊಡ್ಡ ಮುಷ್ಕರವಾಯಿತು. ೧೯೪೬ರ ಮುಷ್ಕರದ ಕಾಲದಲ್ಲಿ, ನವೆಂಬರ್ ೪ರಂದು, ಪೋಲೀಸರ ಕೈಯಿಂದ ಆರು ಮಂದಿ ಕೆಲಸಗಾರರು ಮಡಿದರು. ಆಗ ಕೋಲಾರ ಜಿಲ್ಲೆಗೇ ಸೇರಿದ್ದ ವಿದುರಾಶ್ವತ್ಥದಲ್ಲಿ ೧೯೩೮ರ ಏಪ್ರಿಲ್ ೨೫ರಂದು ಧ್ವಜಸತ್ಯಾಗ್ರಹಕ್ಕೆ ಸೇರಿದ ಜನರ ಮೇಲೆ ಗುಂಡು ಹಾರಿದುದನ್ನೂ ಇಲ್ಲಿ ನೆನೆಯಬೇಕು. ಅಂತಹ ಕಾಲದಲ್ಲಿ ಒಂದೇ ಒಲೆಯ ಸುತ್ತ ಊಟಕ್ಕೆ ಕುಳಿತವರಲ್ಲಿ ಒಬ್ಬನು ಮುಷ್ಕರದಲ್ಲಿ, ಇನ್ನೊಬ್ಬನು ಕಾವಲಿನ ಪಡೆಯಲ್ಲಿ ಇರುವುದು ಅಸಂಭವವಲ್ಲ. ಅಂತಹ ಮನೆಯ ತಾಯಿಯು ಯಾರ ತಟ್ಟೆಗೆ ಮೊದಲು ಬಡಿಸಬೇಕು? ಇದಕ್ಕೆ ಯಾವ ಸಂಘದ ನಿಬಂಧನೆಯಲ್ಲಿಯೂ ಉತ್ತರವಿಲ್ಲ.

ಚರ್ಚೆಯ ದಿನ ಗೃಹಿಣಿಯು ಇನ್ನೂ ಒಂದು ಮಾತನ್ನು ಹೇಳಿದರು. ಮುಷ್ಕರದ ಕಾಲದಲ್ಲಿ ಕೆಲಸಕ್ಕೆ ಹೋದವರ ಮನೆಗೆ ನೆರೆಯವರು ನೀರು ಬೆಂಕಿ ಕೊಡುವುದನ್ನು ನಿಲ್ಲಿಸುತ್ತಿದ್ದರೆಂದು ತಮ್ಮ ಅಜ್ಜಿಯು ಹೇಳುತ್ತಿದ್ದರೆಂದೂ, ಆದರೆ ಅಂಥ ಮನೆಯಲ್ಲಿ ಹೆರಿಗೆಯಾದಾಗ ಮೊದಲು ಓಡಿಹೋಗುತ್ತಿದ್ದವರೂ ಅದೇ ನೆರೆಯವರೆಂದೂ ಅವರು ತಿಳಿಸಿದರು. ಕೋಪವೂ ಇತ್ತು, ಕೋಪಕ್ಕೊಂದು ಎಲ್ಲೆಯೂ ಇತ್ತು. ಓಫ್ಲಾಹರ್ಟಿಯ ತಾಯಿಯಲ್ಲಿ ಯಾವುದು ಕಡಮೆಯೆಂಬುದನ್ನು ಇದಕ್ಕಿಂತ ಚೆನ್ನಾಗಿ ನಾವು ಹೇಳಲಾರೆವು. ೨೦೦೧ರ ಫೆಬ್ರವರಿ ೨೮ರಂದು ಗಣಿಗಳು ಮುಚ್ಚಿದ ಮೇಲೆ, ಒಂದು ಮನೆಯವರಲ್ಲಿ ಕೆಲವರು ಊರಲ್ಲಿಯೇ ಉಳಿದರು, ಕೆಲವರು ಬೆಂಗಳೂರಿನ ರೈಲನ್ನು ಹಿಡಿದರು. ಬಿಟ್ಟುಹೋದವನು ದ್ರೋಹಿಯೇ, ಉಳಿದವನು ಮೂಢನೇ ಎಂಬ ವಾದವು ಇಂದಿಗೂ ಮನೆಮನೆಗಳಲ್ಲಿ ನಡೆಯುತ್ತಿದೆ. ದ್ರೋಹಿ ಎಂಬ ಶಬ್ದವು ಎಷ್ಟು ಸುಲಭವಾಗಿ ಬಾಯಿಗೆ ಬರುತ್ತದೆಂಬುದನ್ನು ಕಂಡಾಗ ಈ ಗ್ರಂಥದ ಪ್ರಯೋಜನವು ಮನದಟ್ಟಾಗುತ್ತದೆ.

ಗ್ರಂಥದ ಇತರ ಗುಣದೋಷಗಳನ್ನು ಸಂಕ್ಷೇಪವಾಗಿ ಹೇಳುವುದಾದರೆ: ಕೇರಿಯ ವರ್ಣನೆಯು ಕಣ್ಣಿಗೆ ಕಟ್ಟುವಂತಿದೆ, ವಿಚಾರಣೆಯ ಅಧ್ಯಾಯವು ಬಿಗಿಯಾಗಿದೆ. ಕುಡಿತದ ಮನೆಗಳ ಪ್ರಸಂಗವು ಅತಿ ದೀರ್ಘವಾಗಿದ್ದು, ಹಿರಿಯರೂ ಕಿರಿಯರೂ ಒಟ್ಟಿಗೆ ಕುಳಿತು ಓದುವ ಮನೆಗಳಲ್ಲಿ ಆ ಪುಟಗಳನ್ನು ದಾಟಿಹೋಗಬಹುದು, ಕಥೆಗೆ ನಷ್ಟವಿಲ್ಲ. ಗ್ಯಾಲಗರ್‌ನ ಪಾತ್ರವು ಕೆಲವೆಡೆ ಮನುಷ್ಯನಾಗಿರುವುದಕ್ಕಿಂತ ಒಂದು ಸಿದ್ಧಾಂತದ ಉದಾಹರಣೆಯಾಗಿದೆ. ೧೯೩೫ರಲ್ಲಿ ಜಾನ್ ಫೋರ್ಡ್ ಎಂಬ ನಿರ್ದೇಶಕನು ಇದನ್ನು ಚಲಚ್ಚಿತ್ರವಾಗಿ ಮಾಡಿ ಖ್ಯಾತಿಯನ್ನು ಪಡೆದನು. ಅದರಲ್ಲಿ ಕಾಲವನ್ನು ೧೯೨೨ಕ್ಕೆ ಸರಿಸಿ, ಇಂಗ್ಲಿಷರ ಪಡೆಯನ್ನು ತಂದು ನಿಲ್ಲಿಸಿದುದರಿಂದ, ತಮ್ಮವರೊಳಗಿನ ಕಲಹವು ಅನ್ಯರೊಡನೆ ನಡೆಯುವ ಯುದ್ಧವಾಯಿತು. ಚಿತ್ರವು ಸೊಗಸಾಗಿದೆ, ಆದರೆ ಮೂಲದ ಕಹಿಯು ಅದರಲ್ಲಿ ಕರಗಿಹೋಗಿದೆ. ಅನ್ಯರಿಗೆ ಹಿಡಿದುಕೊಟ್ಟವನನ್ನು ದ್ವೇಷಿಸುವುದು ಸುಲಭ. ತಮ್ಮವರೇ ತಮ್ಮವರನ್ನು ಬೇಟೆಯಾಡುವ ಊರಿನಲ್ಲಿ ದ್ವೇಷವು ಅಷ್ಟು ಸುಲಭವಲ್ಲವೆಂಬುದೇ ಕಾದಂಬರಿಯ ವಾದವಾಗಿತ್ತು.

ಮಹಾಭಾರತದ ಪ್ರಧಾನರಸವು ಶಾಂತವೆಂದು ಆನಂದವರ್ಧನನು ನಿರ್ಣಯಿಸಿದನು. ಹದಿನೆಂಟು ಅಕ್ಷೋಹಿಣಿಗಳು ಸತ್ತ ಕಾವ್ಯದಲ್ಲಿ ಶಾಂತವೆಲ್ಲಿಂದ ಬಂದಿತೆಂದು ನಾವು ಪಾಠಶಾಲೆಯಲ್ಲಿ ಕೇಳುತ್ತಿದ್ದೆವು. ಎಲ್ಲ ಕ್ರೋಧವನ್ನೂ ಪೂರ್ಣವಾಗಿ ಅನುಭವಿಸಿದ ಮೇಲೆ ಉಳಿಯುವುದೇ ಶಾಂತವೆಂದು ಗುರುಗಳು ಉತ್ತರ ಕೊಡುತ್ತಿದ್ದರು. ‘ದಿ ಇನ್‌ಫಾರ್ಮರ್’ ಗ್ರಂಥದ ಕೊನೆಯ ಪುಟವು ಆ ಶಾಂತವನ್ನು ಮುಟ್ಟಲು ಹೊರಟಿದೆ, ದಾರಿಯನ್ನು ಪೂರ್ತಿಯಾಗಿ ನಡೆಯದೆಯೇ ಹೊರಟಿದೆ. ಹಾಗಿದ್ದರೂ ಹೊರಟ ದಿಕ್ಕು ಸರಿಯಾದುದು. ಗೃಹಸ್ಥರು ಇದನ್ನು ‘ಚಿಕವೀರ ರಾಜೇಂದ್ರ’ದೊಡನೆ ಜೊತೆಯಾಗಿ ಓದಬೇಕೆಂದೂ, ಓದಿದ ಮೇಲೆ ಮನೆಯ ಹೆಣ್ಣುಮಕ್ಕಳ ಅಭಿಪ್ರಾಯವನ್ನು ಮೊದಲು ಕೇಳಬೇಕೆಂದೂ ನಮ್ಮ ಸೂಚನೆ. ಬಂಗಾರಪೇಟೆಯ ಆ ಸಂಜೆ ನಮಗೆಲ್ಲರಿಗೂ ಉತ್ತರಿಸಲು ಕಷ್ಟವಾದ ಪ್ರಶ್ನೆಯು ಬಂದುದು ಆ ಕಡೆಯಿಂದಲೇ.